ಐದು ಪದರದ ಪಿಂಟೇಲ್

ಮುಂಡರಗಿಯ ದಸ್ತಗೀರಸಾಬನ ಕೈಯಿಂದ ಹೊರಬಿದ್ದ ಸಾಮಾನು ಸೋರಿತು ಎಂದು ಹೇಳುವ ಧೈರ್ಯ ಸುತ್ತಲಿನ ಮೂರು ತಾಲೂಕುಗಳಲ್ಲಿ ಯಾರಿಗೂ ಇರಲಿಲ್ಲ. ನೀರಿನ ಟ್ಯಾಂಕು, ಕೂಲರಿನ ಡಬ್ಬಿ, ಪಾಯಖಾನೆಯ ಬಾಗಿಲು, ಸೀರೆ ಅಂಗಡಿಯ ಮುಂದೆ ಕೈಮುಗಿದು ನಿಲ್ಲುವ ಹೆಣ್ಣುಗೊಂಬೆ, ಹೀಗೆ ಫೈಬರಿನಲ್ಲಿ ಆಗುವುದನ್ನೆಲ್ಲ ಅವನು ಮಾಡಿದ್ದ. ಸೀರೆ ಉಡುವ ಗೊಂಬೆ ಸೋರಿದರೆಷ್ಟು ಬಿಟ್ಟರೆಷ್ಟು ಎಂದು ಕೇಳುವವರು ಕೇಳಲಿ, ಅವನು ಮಾತ್ರ ಅದರ ಕುತ್ತಿಗೆಯಿಂದ ಒಂದು ಕೊಡ ನೀರು ಸುರಿದು, ಒಂದು ರಾತ್ರಿ ಹಾಗೇ ನಿಲ್ಲಿಸಿ, ಬೆಳಿಗ್ಗೆ ಕಾಲಡಿ ಒಣಗಿರುವುದನ್ನು ಮುಟ್ಟಿ ನೋಡಿಯೇ ಅಂಗಡಿಗೆ ಕಳಿಸುತ್ತಿದ್ದ.

ಈ ವಿದ್ಯೆ ಅವನು ಕಲಿತದ್ದು ನೆಲದ ಮೇಲಲ್ಲ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಬಂದಾಗ ಅವುಗಳ ರೆಕ್ಕೆಗೆ ಬೀಳುವ ಬಿರುಕು ಮುಚ್ಚುವ ಕೆಲಸಕ್ಕೆ ಸೇರಿ, ಹನ್ನೊಂದು ವರ್ಷ ಹಗ್ಗಕ್ಕೆ ನೇತಾಡಿದ್ದ. ಎಪ್ಪತ್ತು ಮೀಟರ್ ಎತ್ತರದಲ್ಲಿ ಎಲೆಗೆ ಸುಣ್ಣ ಸವರಿಕೊಂಡು ಮಡಚಿ ಬಾಯಿಗಿಟ್ಟುಕೊಳ್ಳುವಷ್ಟು ಅವನಿಗೆ ಅಲ್ಲಿ ಆರಾಮ. ಕೊನೆಗೆ ಹೆಂಡತಿ ರಮಜಾನಬಿ, ಇನ್ನೊಂದು ಸಲ ಆ ಹಗ್ಗ ಹಿಡಿದರೆ ತಾನು ತವರಿಗೆ ಲಕ್ಷ್ಮೇಶ್ವರಕ್ಕೆ ಹೋಗಿ ಅಲ್ಲೇ ಇರುವುದಾಗಿ ಹೇಳಿ, ಹೇಳಿದಂತೆ ಎರಡು ತಿಂಗಳು ಇದ್ದೂ ತೋರಿಸಿದ ಮೇಲೆ ಕೆಳಗಿಳಿದ. ಗಾಳಿಯನ್ನು ಅಷ್ಟು ಬಲ್ಲ ಮನುಷ್ಯನಿಗೆ ನೀರೆಂದರೆ ಮಾತ್ರ ಎದೆ ಝಲ್ಲೆನ್ನುತ್ತಿತ್ತು. ಬಾವಿಯಲ್ಲಿ ಇಣುಕಿದರೆ ತಲೆ ತಿರುಗುತ್ತಿತ್ತು. ತಾನೇ ಮಾಡಿದ ಟ್ಯಾಂಕಿನೊಳಗೂ ಅವನು ಕೈ ಹಾಕಿ ನೋಡುತ್ತಿದ್ದನೇ ಹೊರತು ಮುಖ ಹಾಕುತ್ತಿರಲಿಲ್ಲ.

ಇಂಥವನ ಅಂಗಳಕ್ಕೆ ಹೋದ ವರ್ಷ ಬೇಸಿಗೆಯಲ್ಲಿ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಟ್ರೇಲರಿನಲ್ಲಿ ಹನ್ನೊಂದು ಫೂಟು ಉದ್ದದ, ಬಿಳಿ ಬಣ್ಣದ, ಮೂತಿ ಚೂಪಾದ ಒಂದು ದೋಣಿ. ಇಳಿದವನು ನಂದೀಶ. ಹಿರೇಹಂದಿಗೋಳದ ಒಕ್ಕಲುತನದ ಮನೆಯವನು. ಹದಿನೈದು ವರ್ಷ ನೌಕಾಪಡೆಯಲ್ಲಿದ್ದು ಪಿಂಚಣಿ ತೆಗೆದುಕೊಂಡು ಬಂದವನು, ಊರಿಗೆ ಬಂದು ಮೆಣಸಿನಕಾಯಿ ಹಾಕುವುದು ಬಿಟ್ಟು, ಹಮ್ಮಿಗಿಯಲ್ಲಿ ಬ್ಯಾರೇಜಿನ ಹಿನ್ನೀರು ನಿಂತ ಕಡೆ ಹಾಯಿದೋಣಿಯ ಕ್ಲಬ್ಬು ಕಟ್ಟಿದ್ದ. ಕ್ಲಬ್ಬೆಂದರೆ ಒಂದು ತಗಡಿನ ಶೆಡ್ಡು, ಎಂಟು ಮಂದಿ ಕಾಲೇಜು ವಿದ್ಯಾರ್ಥಿಗಳು, ಮುಂಬೈಯಿಂದ ಹಳೆಯದಾಗಿ ತಂದ ಈ ಒಂದು ದೋಣಿ.

ದೋಣಿಯ ಜಾತಿಯ ಹೆಸರು ಪಿಂಟೇಲ್. ಚಳಿಗಾಲದಲ್ಲಿ ಶಿರಹಟ್ಟಿ ಕಡೆ ಮಾಗಡಿ ಕೆರೆಗೆ ಬಂದಿಳಿಯುವ ಸೂಜಿಬಾಲದ ಬಾತುಕೋಳಿಯ ಹೆಸರೇ ಇದು ಎಂದು ನಂದೀಶ ವಿವರಿಸಿದ. ಇಬ್ಬರು ಕೂರುವ ದೋಣಿ. ಒಬ್ಬ ಚುಕ್ಕಾಣಿಗೆ, ಒಬ್ಬ ಹಾಯಿಯ ಹಗ್ಗಕ್ಕೆ. ಸುಮ್ಮನೆ ವಿಹಾರಕ್ಕೂ ಆದೀತು, ಪಂದ್ಯಕ್ಕೂ ಆದೀತು. ಪಂದ್ಯದ ಧರ್ಮವೇನೆಂದರೆ ಎಲ್ಲ ದೋಣಿಗಳೂ ಒಂದೇ ಅಚ್ಚಿನವು, ಒಂದೇ ಉದ್ದ, ಒಂದೇ ತೂಕ ಇರಬೇಕು. ಗೆದ್ದವನು ತನ್ನ ದೋಣಿಯಿಂದ ಗೆದ್ದ ಎಂದು ಯಾರೂ ಅನ್ನಬಾರದು. ಇದರಿಂದ ಅಚ್ಚು ತೆಗೆದು ಇನ್ನೂ ಆರು ಮಾಡಿಕೊಡಬೇಕು, ಪಿಂಟೇಲ್ ಪಂದ್ಯ ನಡೆಸುವ ಸಂಘದ ಪರವಾನಗಿ ತಾನು ತಂದಿದ್ದೇನೆ, ಫೈಬರಿನ ಹಾಸು ಮೂರು ಪದರ ಹಾಕಬೇಕು, ಮೂರೇ ಮೂರು, ಎಂದು ಅವನು ಕಾಗದದಲ್ಲಿ ಬರೆದು ಕೊಟ್ಟ.

ದಸ್ತಗೀರಸಾಬ ಹಳೆಯ ದೋಣಿಯ ತಳವನ್ನು ಹೆಬ್ಬೆರಳಿನಿಂದ ಒತ್ತಿದ. ಅದು ಒಳಗೆ ಹೋಗಿ ಹೊರಗೆ ಬಂತು.

“ಇದು ದೋಣಿ ಅಲ್ರಿ ನಂದೀಶಪ್ಪ,” ಎಂದ. “ಹಪ್ಪಳ.”

ನಂದೀಶ ನಕ್ಕು ಹೋದ. ಅವನು ನಗದೆ ಇನ್ನೊಂದು ಸಲ ಬಿಡಿಸಿ ಹೇಳಿದ್ದರೆ ಮುಂದಿನದು ಇಷ್ಟೊಂದು ಆಗುತ್ತಿರಲಿಲ್ಲ.

ನಾಲ್ಕು ತಿಂಗಳಲ್ಲಿ ಆರು ದೋಣಿಗಳು ತಯಾರಾದವು. ಮೇಣ ಸವರಿದ ಅಚ್ಚಿನಿಂದ ಒಂದೊಂದೂ ‘ಸರ್’ ಎಂದು ಬಿಟ್ಟು ಬರುವಾಗ ಬಾಣಂತಿಕೋಣೆಯ ಹೊರಗೆ ನಿಂತವರ ಹಾಗೆ ಓಣಿಯ ಮಂದಿ ನೆರೆಯುತ್ತಿದ್ದರು. ಮೂರನೆಯ ಪದರ ಆದ ಮೇಲೆ ಪ್ರತಿ ದೋಣಿಗೂ ದಸ್ತಗೀರಸಾಬ ಯಾರಿಗೂ ಹೇಳದೆ ನಾಲ್ಕನೆಯದನ್ನು ಹಾಕಿದ, ನಾಲ್ಕು ಹಾಕಿದ ಮೇಲೆ ಐದನೆಯದನ್ನೂ ಹಾಕಿದ. ಬೇರೆಯವರ ಮಕ್ಕಳು ಇದರಲ್ಲಿ ಕೂತು ನೀರಿಗೆ ಹೋಗುತ್ತಾರೆ, ನೀರು ಎಂಥದೆಂದು ನಂದೀಶನಿಗೇನು ಗೊತ್ತು ಎಂಬುದು ಅವನ ವಿಚಾರ. ಹದಿನೈದು ವರ್ಷ ಸಮುದ್ರದ ಮೇಲಿದ್ದವನಿಗೆ ನೀರು ಗೊತ್ತಿಲ್ಲ ಎನ್ನಲು ದಸ್ತಗೀರಸಾಬನಿಗೆ ಸಂಕೋಚವೇನೂ ಆಗಲಿಲ್ಲ.

ಹಾಯಿಗಳದ್ದು ಬೇರೆ ಕಥೆ. ಪಂದ್ಯಕ್ಕೆ ಸಂಘ ಒಪ್ಪಿದ ಹಾಯಿಯೇ ಆಗಬೇಕು, ಅದನ್ನು ಹೊರಗಿನಿಂದ ಬರುವ ಆಟಗಾರರು ತಾವೇ ತರುತ್ತಾರೆ. ಅಲ್ಲಿಯವರೆಗೆ ಕಲಿಯುವವರಿಗೆ ಏನಾದರೂ ಬೇಕಲ್ಲ. ತಾಡಪತ್ರಿ ಹೊಲಿಯುವುದರಲ್ಲಿ ರಮಜಾನಬಿಯ ಕೈ ಪಳಗಿತ್ತು. ಜಿಲ್ಲಾ ಪಂಚಾಯಿತಿಯ ಮಾಜಿ ಸದಸ್ಯ ಗವಿಸಿದ್ದಪ್ಪನವರ ಅರವತ್ತನೆಯ ಹುಟ್ಟುಹಬ್ಬಕ್ಕೆ ಅಭಿಮಾನಿಗಳು ಊರ ತುಂಬ ಕಟ್ಟಿದ್ದ ಫ್ಲೆಕ್ಸುಗಳು ಹಬ್ಬ ಮುಗಿದು ಮೂರು ತಿಂಗಳಾದರೂ ಬಿಸಿಲು ಕಾಯುತ್ತಿದ್ದವು. ಅವುಗಳಲ್ಲಿ ಗಟ್ಟಿಮುಟ್ಟಾದ ಆರನ್ನು ಬಿಚ್ಚಿ ತಂದು ರಮಜಾನಬಿ ಮುಕ್ಕೋನೆಯಾಗಿ ಕತ್ತರಿಸಿ ಹೊಲಿದಳು. ಹಾಯಿ ಏರಿಸಿದಾಗ ಗವಿಸಿದ್ದಪ್ಪನವರು ಕೈಮುಗಿದುಕೊಂಡು ಮೇಲೇರಿದರು. ಗಾಳಿ ತುಂಬಿದಾಗ ಅವರ ಕೆನ್ನೆ ಉಬ್ಬುತ್ತಿತ್ತು. ಆರರಲ್ಲಿ ಒಂದಕ್ಕೆ ಮಾತ್ರ ಕತ್ತರಿ ಅಡ್ಡ ಹೋಗಿ ಮೂಗಿನಿಂದ ಕೆಳಗಷ್ಟೇ ಉಳಿದಿತ್ತು. ಮೀಸೆ ಮಾತ್ರ ತುಂಬ ಸ್ಪಷ್ಟವಾಗಿ ಕಾಣುತ್ತಿತ್ತು.

ದಸ್ತಗೀರಸಾಬ ಒಂದೊಂದೇ ದೋಣಿಯನ್ನು ಅಂಗಳದಲ್ಲಿ ಕಟ್ಟೆಯ ಮೇಲಿಟ್ಟು, ಹಾಯಿ ಕಟ್ಟುವ ಕೂವೆಮರ ನಿಲ್ಲಿಸಿ, ಹಾಯಿ ಏರಿಸಿ, ತಾನೇ ಒಳಗೆ ಕೂತು ಹಗ್ಗ ಎಳೆದು ಸಡಿಲಿಸಿ ಪರೀಕ್ಷೆ ಮಾಡಿದ. ನೆಲದ ಮೇಲೆ ಅವನು ಹೀಗೆ ಕನಿಷ್ಠ ನೂರು ಮೈಲಿ ಹೋಗಿದ್ದಾನೆಂದು ರಮಜಾನಬಿ ಬಂದವರಿಗೆಲ್ಲ ಹೇಳುತ್ತಿದ್ದಳು.

ದೀಪಾವಳಿ ಕಳೆದ ಎರಡನೆಯ ರವಿವಾರಕ್ಕೆ ಪಂದ್ಯ ನಿಗದಿಯಾಯಿತು. ಹನ್ನೆರಡು ಮಂದಿ ಆಟಗಾರರು ಹೊರಗಿನಿಂದ ಬಂದು ಗದಗಿನ ಲಾಡ್ಜಿನಲ್ಲಿ ಇಳಿದರು. ಶನಿವಾರ ಮಧ್ಯಾಹ್ನ ಸಂಘದ ಮಾಪನಾಧಿಕಾರಿ ವಾಣಿಶ್ರೀ ಹಮ್ಮಿಗಿಗೆ ಬಂದಳು. ಕಾರವಾರದವಳು, ನಲವತ್ತರ ಆಸುಪಾಸು, ಬಿಸಿಲಿಗೆ ಬಣ್ಣಗೆಟ್ಟ ಟೋಪಿ, ಕೈಯಲ್ಲಿ ಉಕ್ಕಿನ ಟೇಪು. ಚಹಾ ಕೊಟ್ಟರೆ ಅಳತೆ ಮುಗಿಯಲಿ ಎಂದಳು. ಮೊದಲ ದೋಣಿಯ ಉದ್ದ, ಅಗಲ, ಆಳ ಎಲ್ಲ ಸರಿಬಂತು. ದಸ್ತಗೀರಸಾಬ ಕೈಕಟ್ಟಿಕೊಂಡು, ಮಗನ ಫಲಿತಾಂಶ ಕೇಳುವ ತಂದೆಯಂತೆ ಹಿಂದೆ ಹಿಂದೆ ನಡೆದ. ಆಮೇಲೆ ಉಳ್ಳಾಗಡ್ಡಿ ವ್ಯಾಪಾರಿಯಿಂದ ತಂದ ತೂಗುತಕ್ಕಡಿಗೆ ದೋಣಿಯನ್ನು ನೇತುಹಾಕಿದರು.

ಇರಬೇಕಾದದ್ದು ಅರವತ್ತು ಕೇಜಿ, ಎರಡು ಹೆಚ್ಚುಕಡಿಮೆಯಾದರೆ ನಡೆಯುತ್ತದೆ. ಮುಳ್ಳು ತೊಂಬತ್ತೊಂದಕ್ಕೆ ಹೋಗಿ ನಿಂತಿತು.

ತಕ್ಕಡಿ ಸುಳ್ಳು ಹೇಳುತ್ತದೆ, ಉಳ್ಳಾಗಡ್ಡಿಯವರ ತಕ್ಕಡಿ ಎಂದಾದರೂ ಖರೆ ಹೇಳಿದ್ದುಂಟೇ ಎಂದು ದಸ್ತಗೀರಸಾಬ ವಾದಿಸಿದ. ವಾಣಿಶ್ರೀ ತನ್ನ ಕಾರಿನಿಂದ ಇಪ್ಪತ್ತು ಕೇಜಿಯ ತೂಕದ ಕಲ್ಲು ತಂದು ನೇತುಹಾಕಿದಳು. ತಕ್ಕಡಿ ಇಪ್ಪತ್ತೆಂದೇ ಹೇಳಿತು. ಒಂದಾದ ಮೇಲೊಂದು ಆರೂ ದೋಣಿಗಳನ್ನು ತೂಗಿದರು. ಆರೂ ತೊಂಬತ್ತೊಂದು. ಒಂದಕ್ಕೂ ಇನ್ನೊಂದಕ್ಕೂ ಇನ್ನೂರು ಗ್ರಾಮಿನ ವ್ಯತ್ಯಾಸವೂ ಇರಲಿಲ್ಲ.

ವಾಣಿಶ್ರೀ ಟೋಪಿ ತೆಗೆದು ತಲೆ ಒರೆಸಿಕೊಂಡಳು. “ಹದಿನಾಲ್ಕು ವರ್ಷದಿಂದ ಅಳೀತಿದ್ದೇನೆ,” ಎಂದಳು. “ಇಷ್ಟು ಒಂದೇ ಥರ ಇರೋ ಆರು ದೋಣಿ ನಾನು ನೋಡಿಲ್ಲ. ಒಂದೇ ಥರ ತಪ್ಪು.”

ಪಿಂಟೇಲ್ ಎಂಬ ಹೆಸರಿನಲ್ಲಿ ಇವು ಪಂದ್ಯ ಆಡುವಂತಿಲ್ಲ ಎಂದು ಅವಳು ಕಾಗದದಲ್ಲಿ ಬರೆದು ಸಹಿ ಮಾಡಿದಳು. ಮೂವತ್ತು ಕೇಜಿ ಎಲ್ಲಿಂದ ಬಂತೆಂದು ನಂದೀಶ ದಸ್ತಗೀರಸಾಬನನ್ನು ಕೇಳಿದ. ಫೈಬರು ನದಿಯ ಹವೆಗೆ ನೀರು ಹೀರಿರಬೇಕೆಂದು ದಸ್ತಗೀರಸಾಬ ಹೇಳಿದ. ಸೋರದ ವಸ್ತುವಿಗೆ ಹೆಸರಾದವನು ತನ್ನ ವಸ್ತು ನೀರು ಹೀರಿತೆಂದು ಹೇಳುವಾಗ ಅವನ ಮುಖ ಹೇಗಿತ್ತೆಂದರೆ ನಂದೀಶ ಮತ್ತೆ ಕೇಳಲಿಲ್ಲ. ಹನ್ನೆರಡು ಮಂದಿ ಆಟಗಾರರಿಗೆ ಸುದ್ದಿ ಹೋಯಿತು. ಅವರು ಬೇಸರ ಮಾಡಿಕೊಳ್ಳದೆ, ಬಂದದ್ದು ಬಂದೆವೆಂದು ಲಕ್ಕುಂಡಿಯ ಗುಡಿಗಳನ್ನು ನೋಡಿ, ಫೋಟೋ ಕಳಿಸಿ, ತಮ್ಮ ಹಾಯಿಗಳ ಸಮೇತ ಊರಿಗೆ ಹೋದರು.

ದಸ್ತಗೀರಸಾಬ ಮನೆಗೆ ಹೋಗಿ ಊಟ ಬೇಡವೆಂದ. ರಮಜಾನಬಿ ಎಷ್ಟು ಪದರ ಹಾಕಿದ್ದಿ ಎಂದು ಒಂದೇ ಪ್ರಶ್ನೆ ಕೇಳಿದಳು. ಅವನು ಕೈ ಎತ್ತಿ ಐದೂ ಬೆರಳು ತೋರಿಸಿದ. ಅವಳು ಆ ಕೈಯಲ್ಲೇ ರೊಟ್ಟಿ ಇಟ್ಟು, ತಪ್ಪು ಮಾಡಿದ ಮೇಲೆ ಹಸಿದಿರುವುದು ಎರಡನೆಯ ತಪ್ಪು, ನಾಳೆ ಹೋಗಿ ಹೇಳಿಬಿಡು ಎಂದಳು.

ಮರುದಿನ ರವಿವಾರ. ಹಮ್ಮಿಗಿಯ ದಂಡೆಯ ಮೇಲೆ ಪೆಂಡಾಲು ನಿಂತಿತ್ತು, ಇನ್ನೂರು ಮಂದಿಗೆ ರೊಟ್ಟಿ, ಎಣ್ಣೆಗಾಯಿ ತಯಾರಾಗಿತ್ತು, ಸುತ್ತಲಿನ ಹಳ್ಳಿಗಳಿಂದ ಟಂಟಂ ತುಂಬ ಮಂದಿ ಬಂದಿದ್ದರು. ಮುಖ್ಯ ಅತಿಥಿ ಗವಿಸಿದ್ದಪ್ಪನವರು ಹತ್ತು ಗಂಟೆಗೇ ಬಂದು ತಮ್ಮ ಮುಖಗಳು ಸಾಲಾಗಿ ನಿಂತಿರುವುದನ್ನು ಕಂಡು ಪ್ರಸನ್ನರಾಗಿ, ಮೀಸೆಯ ಹಾಯಿಯ ಮುಂದೆ ಸ್ವಲ್ಪ ಹೊತ್ತು ಸಂಶಯದಿಂದ ನಿಂತು, ಮುಂದೆ ನಡೆದರು. ಪಂದ್ಯ ಇಲ್ಲವೆಂದು ಇವರಿಗೆಲ್ಲ ಹೇಳುವುದು ಯಾರು? ನಂದೀಶ ವಾಣಿಶ್ರೀಯ ಬಳಿ ಹೋದ. ಅವಳು ಊರಿಗೆ ಹೊರಡುವುದು ಸಂಜೆಗಿತ್ತು. ಪಿಂಟೇಲ್ ಎಂದು ಕರೆಯದಿದ್ದರೆ ತನಗೆ ಅಡ್ಡಿಯಿಲ್ಲ, ಆರೂ ಒಂದೇ ಥರ ಇವೆ, ಕ್ಲಬ್ಬಿನವರೇ ಆಡಲಿ, ಆದರೆ ತಾನು ನಡೆಸುವುದಾದರೆ ನಿಯಮ ನಿಯಮವೇ ಎಂದು ಅವಳು ಒಪ್ಪಿದಳು.

ಎಂಟು ವಿದ್ಯಾರ್ಥಿಗಳಿಗೆ ನಾಲ್ಕು ದೋಣಿ. ಐದನೆಯದಕ್ಕೆ ನಂದೀಶ. ಫೋಟೋ ಚೆನ್ನಾಗಿ ಬರುತ್ತದೆಂದು ಗವಿಸಿದ್ದಪ್ಪನವರು ಅವನ ಜೊತೆ ತಾವೇ ಹತ್ತಿ ಕೂತರು. ಆರನೆಯ ದೋಣಿ, ಮೀಸೆಯದು, ಉಳಿಯಿತು.

ಆಗ ದ್ಯಾಮಪ್ಪ ಬಾಯಿ ತೆರೆದ. ದ್ಯಾಮಪ್ಪ ಹಮ್ಮಿಗಿಯ ಹರಗೋಲಿನವನು. ಸೇತುವೆ ಆಗುವವರೆಗೆ ನಲವತ್ತು ವರ್ಷ ಆಚೆ ದಂಡೆಗೆ ಮಂದಿ, ಮೇಕೆ, ಮದುವೆಯ ದಿಬ್ಬಣ ಎಲ್ಲವನ್ನೂ ಬುಟ್ಟಿಯಂಥ ತನ್ನ ದೋಣಿಯಲ್ಲಿ ಹುಟ್ಟು ಹಾಕಿ ದಾಟಿಸಿದವನು. ಈಗ ಕ್ಲಬ್ಬಿನಲ್ಲಿ, ಯಾರಾದರೂ ಬಿದ್ದರೆ ಎತ್ತುವ ಕೆಲಸಕ್ಕಿದ್ದ. ಗಾಳಿ ನಂಬಿ ನೀರಿಗಿಳಿಯುವವರನ್ನು ಕಂಡರೆ ಅವನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ.

“ಅಡಗಿ ಮಾಡಿದಾವ ತಾನs ಉಣ್ಣಂಗಿಲ್ಲಂದ್ರ,” ಎಂದ ದ್ಯಾಮಪ್ಪ, ಯಾರಿಗೂ ಅಲ್ಲವೆಂಬಂತೆ, “ಅದರಾಗ ಏನೋ ಹಾಕ್ಯಾನ ಅಂತ ಲೆಕ್ಕ.”

ದಸ್ತಗೀರಸಾಬನಿಗೆ ನಿನ್ನೆಯಿಂದ ನುಂಗಿದ್ದೆಲ್ಲ ಒಮ್ಮೆಗೇ ಮೇಲೆ ಬಂತು. ಚಪ್ಪಲಿ ಬಿಟ್ಟ. ನೀನು ಚುಕ್ಕಾಣಿ ಹಿಡಿ, ಹಾಯಿ ನಾನು ನೋಡಿಕೊಳ್ಳುತ್ತೇನೆ, ನಿನಗೆ ನೀರು ಗೊತ್ತಿದ್ದರೆ ತೋರಿಸು ಎಂದ. ಹೇಳಿದ ಮೇಲೆ ಅವನಿಗೆ ಈಜು ಬರುವುದಿಲ್ಲವೆಂಬುದು ನೆನಪಾಯಿತು, ಆದರೆ ಅಷ್ಟರಲ್ಲಿ ಮೊಣಕಾಲವರೆಗೆ ನೀರಿನಲ್ಲಿದ್ದ. ರಮಜಾನಬಿ ಓಡಿ ಬಂದು ಅವನಿಗೆ ತೇಲುವ ಜಾಕೀಟು ತೊಡಿಸಿ, ಅದರ ಬಕ್ಕಲು ನಂಬದೆ ಮೇಲಿಂದ ಸೆಣಬಿನ ಹುರಿಯಿಂದ ಮೂರು ಗಂಟು ಹಾಕಿದಳು.

ಗುರುತಿಗೆಂದು ಮೂರು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬುರುಡೆಗಳನ್ನು ನೀರಿನಲ್ಲಿ ಮುಕ್ಕೋನೆಯಾಗಿ ತೇಲಬಿಟ್ಟಿದ್ದರು. ಅವುಗಳನ್ನು ಎರಡು ಸುತ್ತು ಹಾಕಿ ದಂಡೆಗೆ ಬರಬೇಕು. ಗಾಳಿಯಿಂದ ಮಾತ್ರ ಹೋಗಬೇಕು, ಕೈಯಿಂದಾಗಲಿ ಹುಟ್ಟಿನಿಂದಾಗಲಿ ನೀರು ತಳ್ಳಿದರೆ ಆ ದೋಣಿ ಲೆಕ್ಕಕ್ಕಿಲ್ಲ. ಮೂರು ತಾಸು ಕಾಲಾವಕಾಶ. ಹನ್ನೊಂದಕ್ಕೆ ವಾಣಿಶ್ರೀ ಸೀಟಿ ಊದಿದಳು.

ಮೊದಲ ಹತ್ತು ನಿಮಿಷ ದಸ್ತಗೀರಸಾಬ ಕಣ್ಣು ಬಿಡಲಿಲ್ಲ. ಹಗ್ಗ ಹಿಡಿದ ಕೈಗೆ ಮಾತ್ರ ಕಣ್ಣಿತ್ತು. ಗಾಳಿ ಏರಿದಾಗ ಅದು ಸಡಿಲ ಬಿಟ್ಟಿತು, ಇಳಿದಾಗ ಎಳೆಯಿತು. ಮೊದಲ ಬುರುಡೆ ಗಾಳಿ ಬರುವ ದಿಕ್ಕಿನಲ್ಲೇ ಇತ್ತು. ಗಾಳಿ ಎಲ್ಲಿಂದ ಬರುತ್ತದೋ ಅಲ್ಲಿಗೇ ಗಾಳಿ ನಮ್ಮನ್ನು ಒಯ್ಯುತ್ತದೆಯೇ, ಇದು ಹುಚ್ಚರ ಆಟ ಎಂದು ದ್ಯಾಮಪ್ಪ ಗೊಣಗುತ್ತಿದ್ದ. ಗುಡ್ಡದ ಮೇಲಿನ ಯಂತ್ರದ ರೆಕ್ಕೆಯನ್ನು ಗಾಳಿ ಹಿಂದಿನಿಂದ ನೂಕುವುದಿಲ್ಲ, ಅದರ ಮೈ ಸವರಿ ಜಾರಿ ಹೋಗುತ್ತದೆ, ಹೋಗುವಾಗ ಎಳೆಯುತ್ತದೆ, ಹಾಯಿಯೂ ಹಾಗೇ ಎಂದು ದಸ್ತಗೀರಸಾಬ ಕಣ್ಣು ಮುಚ್ಚಿಕೊಂಡೇ ವಿವರಿಸಿದ. ಓರೆಯಾಗಿ ಹೋಗು, ಆಮೇಲೆ ಈ ಕಡೆ ಓರೆಯಾಗು ಎಂದ. ದ್ಯಾಮಪ್ಪ ನಂಬದೆಯೇ ಮಾಡಿದ. ದೋಣಿ ಒಂದು ಮಗ್ಗುಲಿಗೆ ವಾಲಿ, ಬುಡದಲ್ಲಿ ನೀರು ಗುಳುಗುಳು ಎನ್ನುತ್ತ, ಗಾಳಿಗೆ ಎದುರಾಗಿ ಹತ್ತತೊಡಗಿತು. ದ್ಯಾಮಪ್ಪನ ಗೊಣಗಾಟ ನಿಂತಿತು. ನಲವತ್ತು ವರ್ಷ ಎದುರುಗಾಳಿ ಬಂದಾಗಲೆಲ್ಲ ಅವನು ರಟ್ಟೆ ಕಿತ್ತುಬರುವ ಹಾಗೆ ಹುಟ್ಟು ಹಾಕಿದ್ದ.

ಚುಕ್ಕಾಣಿ ಬಿಡದೆ ಅವನು ಹೇಳಿದ: “ಇದು ನಮ್ಮಪ್ಪಗ ಗೊತ್ತಾಗಿತ್ತಂದ್ರ ಆಂವ ಇನ್ನೂ ಹತ್ತು ವರ್ಷ ಬದುಕ್ತಿದ್ದ.”

ದಸ್ತಗೀರಸಾಬ ಕಣ್ಣು ತೆರೆದ. ಸುತ್ತಲೂ ನೀರು. ಬಾವಿಯಲ್ಲಿ ಇಣುಕಿದಾಗಿನ ಹಾಗೆ ತಲೆ ತಿರುಗಲಿಲ್ಲ. ಇಲ್ಲಿ ಆಳ ಕಾಣುತ್ತಿರಲಿಲ್ಲ, ಅಗಲ ಮಾತ್ರ ಕಾಣುತ್ತಿತ್ತು, ಗುಡ್ಡದ ತುದಿಯಿಂದ ನೋಡಿದ ಬಯಲಿನ ಹಾಗೆ. ಅವನು ಒಂದು ಕೈಯಿಂದ ಜಾಕೀಟಿನ ಗಂಟು ಮುಟ್ಟಿಕೊಂಡು ಇನ್ನೊಂದರಿಂದ ಹಗ್ಗ ಎಳೆದ.

ಒಂದು ಸುತ್ತು ಮುಗಿಯುವ ಹೊತ್ತಿಗೆ ಅವರು ಕೊನೆಯವರಾಗಿದ್ದರು. ಹನ್ನೆರಡೂಕಾಲಿಗೆ ಎರಡನೆಯ ಸುತ್ತಿನ ನಡುವೆ ಗಾಳಿ ಸತ್ತಿತು. ಸತ್ತಿತೆಂದರೆ ಬೀಡಿಯ ಹೊಗೆ ನೆಟ್ಟಗೆ ಮೇಲೆ ಹೋಗುವಷ್ಟು ಸತ್ತಿತು. ಆರೂ ದೋಣಿಗಳು ಅಲ್ಲಲ್ಲೇ ನಿಂತವು. ಉಬ್ಬಿದ್ದ ಗವಿಸಿದ್ದಪ್ಪನವರ ಕೆನ್ನೆಗಳು ಇಳಿಬಿದ್ದು, ದಂಡೆಯ ಮೇಲಿನವರಿಗೆ ಚುನಾವಣೆ ಸೋತ ದಿನ ಅವರು ಹೇಗಿದ್ದರೋ ಹಾಗೆ ಕಾಣಿಸಿದರು.

ಅರ್ಧ ತಾಸು ಎಲ್ಲರೂ ಗಾಳಿಗೆ ಕಾದರು. ಪೆಂಡಾಲಿನಿಂದ ಎಣ್ಣೆಗಾಯಿಯ ವಾಸನೆ ನೀರಿನ ಮೇಲೆ ಬಂದದ್ದೇ ವಿದ್ಯಾರ್ಥಿಗಳ ನಿಷ್ಠೆ ಸಡಿಲಾಯಿತು. ಮೊದಲು ಒಬ್ಬಳು ಕೈಯಿಂದ ಮೆಲ್ಲಗೆ ನೀರು ತಳ್ಳಿದಳು. ಅದನ್ನು ನೋಡಿ ಇನ್ನೊಂದು ದೋಣಿಯವರು ಚಪ್ಪಲಿಯಿಂದ ತಳ್ಳಿದರು. ಕಾಲು ತಾಸಿನಲ್ಲಿ ನಾಲ್ಕೂ ದೋಣಿಗಳು ದಂಡೆ ಮುಟ್ಟಿದವು, ನಾಲ್ಕರ ಹೆಸರನ್ನೂ ವಾಣಿಶ್ರೀ ಹೊಡೆದು ಹಾಕಿದಳು.

ನಂದೀಶ ಕದಲಲಿಲ್ಲ. ನೌಕಾಪಡೆಯವನು. ಆದರೆ ಅವನ ದೋಣಿಯಲ್ಲಿದ್ದ ಗವಿಸಿದ್ದಪ್ಪನವರಿಗೆ ಸಕ್ಕರೆ ಕಾಯಿಲೆ ಇತ್ತು, ಬೆಳಿಗ್ಗೆಯಿಂದ ನಾಲ್ಕು ಕಡೆ ಚಹಾ ಕುಡಿದಿದ್ದರು, ಈಗ ನೀರಿಗಿಳಿದು ಎರಡು ತಾಸಾಗಿತ್ತು. ಇನ್ನೂರು ಮಂದಿಯ ಕಣ್ಣೆದುರು, ತಮ್ಮದೇ ಮುಖದ ಕೆಳಗೆ, ನದಿಯ ನಡುವೆ ಮಾಡಬಾರದ ಕೆಲಸ ಮಾಡುವುದೋ, ನಿಯಮ ಮುರಿಯುವುದೋ ಎಂಬ ಪ್ರಶ್ನೆ ಬಂತು. ಅವರು ನಂದೀಶನ ಕಿವಿಯಲ್ಲಿ ಏನೋ ಹೇಳಿದರು. ನಂದೀಶ ಆಕಾಶ ನೋಡಿದ, ಹಾಯಿ ನೋಡಿದ, ಅವರ ಮುಖ ನೋಡಿದ. ಆಮೇಲೆ ಟಿಫಿನ್ ಡಬ್ಬಿಯ ಮುಚ್ಚಳ ತೆಗೆದುಕೊಂಡು ಯುದ್ಧನೌಕೆಯ ವೇಗದಲ್ಲಿ ನೀರು ತಳ್ಳತೊಡಗಿದ. ದೋಣಿ ದಂಡೆಗೆ ತಾಗುವ ಮೊದಲೇ ಮುಖ್ಯ ಅತಿಥಿಗಳು ಹಾರಿ, ಯಾರ ನಮಸ್ಕಾರವನ್ನೂ ಸ್ವೀಕರಿಸದೆ ಜಾಲಿಯ ಗಿಡಗಳ ಕಡೆ ಹೋದರು.

ಉಳಿದದ್ದು ಮೀಸೆಯ ದೋಣಿ ಒಂದೇ. ದ್ಯಾಮಪ್ಪನ ಕೈ ತಾನಾಗಿ ನೀರಿಗೆ ಇಳಿಯುತ್ತಿತ್ತು. ಇನ್ನೂರು ಸಲ ಕೈ ಆಡಿಸಿದರೆ ದಂಡೆ, ಇಷ್ಟಕ್ಕೆ ಯಾಕೆ ಸಾಯಬೇಕು ಎಂದ. ದಸ್ತಗೀರಸಾಬ ಬೇಡವೆಂದ. ಯಾರು ಆಡುತ್ತಿದ್ದಾರೆ, ಎಲ್ಲರೂ ಊಟಕ್ಕೆ ಕೂತಾಯಿತು ಎಂದ ದ್ಯಾಮಪ್ಪ.

“ನಿನ್ನೆ ಆ ವಾಣಿಶ್ರೀಬಾಯಿ ಅಳತಿ ಮಾಡಿ ನಂದು ತಪ್ಪು ಅಂದ್ಲು,” ಎಂದ ದಸ್ತಗೀರಸಾಬ. “ತಪ್ಪು ನಂದs ಐತಿ. ಮೂರು ಪದರ ಹಾಕು ಅಂದಲ್ಲೆ ಐದು ಹಾಕೀನಿ. ತಕ್ಕಡಿ ಮ್ಯಾಲ, ಹವಾದ ಮ್ಯಾಲ ಹಾಕಿ ಸುಳ್ಳೂ ಹೇಳೀನಿ. ಒಂದು ವಾರದಾಗ ಎರಡು ಸಲ ನನ್ನಿಂದ ಆಗಂಗಿಲ್ಲೋ ದ್ಯಾಮಪ್ಪ. ಕೈ ತಗಿ.”

ದ್ಯಾಮಪ್ಪ ಕೈ ತೆಗೆದು ಧೋತರಕ್ಕೆ ಒರೆಸಿಕೊಂಡ. ಯಾಕೆ ಐದು ಹಾಕಿದೆ ಎಂದು ಕೇಳಿದ. ನೀರಿನ ಅಂಜಿಕೆಗೆ ಎಂದ ದಸ್ತಗೀರಸಾಬ. ದ್ಯಾಮಪ್ಪ ನಗುತ್ತಾನೆಂದುಕೊಂಡಿದ್ದ. ಅವನು ನಗಲಿಲ್ಲ. ತಾನೂ ಹರಗೋಲಿಗೆ ಎಲ್ಲರೂ ಒಂದು ತೊಗಲು ಹಾಕಿದರೆ ಎರಡು ಹಾಕುತ್ತಿದ್ದೆ, ಒಳಗೆ ಮಂದಿ ಇರುತ್ತಾರಲ್ಲ ಎಂದ. ಅನಂತರ ಇಬ್ಬರೂ ಒಂದೇ ಬೀಡಿ ಸೇದಿದರು.

ಬಿಸಿಲು ನೆತ್ತಿಯ ಮೇಲಿಂದ ಸರಿಯಿತು. ದಸ್ತಗೀರಸಾಬ ದೂರದ ಗುಡ್ಡದ ಮೇಲೆ ಕಣ್ಣಿಟ್ಟು ಕೂತಿದ್ದ. ಗಾಳಿಯಂತ್ರಗಳು ಸಾಲಾಗಿ, ಒಂದೂ ಅಲ್ಲಾಡದೆ ನಿಂತಿದ್ದವು. ಒಂದು ಗಂಟೆ ಮೂವತ್ತೈದಕ್ಕೆ ಸಾಲಿನ ತುದಿಯ ಯಂತ್ರ ಸೋಮಾರಿಯಾಗಿ ಒಂದು ಸುತ್ತು ಹಾಕಿತು. ಆಮೇಲೆ ಅದರ ಪಕ್ಕದ್ದು. ಆ ಎರಡನೆಯದರ ರೆಕ್ಕೆಗೆ ತಾನು ತೇಪೆ ಹಾಕಿದ ದಿನ ಯಾವ ಊಟ ಕಟ್ಟಿಕೊಂಡು ಹೋಗಿದ್ದೆ ಎಂಬುದೂ ಅವನಿಗೆ ನೆನಪಿತ್ತು.

“ಬರಾಕ ಹತ್ತೈತಿ,” ಎಂದ. “ಇನ್ನ ಇಪ್ಪತ್ತು ನಿಮಿಷ.”

ದ್ಯಾಮಪ್ಪನಿಗೆ ಗುಡ್ಡ ಕಂಡಿತೇ ಹೊರತು ಗಾಳಿ ಕಾಣಲಿಲ್ಲ. ಆದರೂ ಚುಕ್ಕಾಣಿ ಹಿಡಿದು ನೆಟ್ಟಗೆ ಕೂತ. ಗಾಳಿ ಇಪ್ಪತ್ತಕ್ಕೆ ಬರದೆ ಇಪ್ಪತ್ತನಾಲ್ಕು ನಿಮಿಷಕ್ಕೆ ಬಂತು. ಮೊದಲು ದೂರದಲ್ಲಿ ನೀರಿನ ಮೇಲೆ ಕಪ್ಪು ಗೆರೆ, ಆಮೇಲೆ ಬೆವರಿದ ಕುತ್ತಿಗೆಗೆ ತಣ್ಣಗಿನ ಒಂದು ಎಳೆ, ಆಮೇಲೆ ಹಾಯಿಯ ಮೇಲಿನ ಮೀಸೆ ಎರಡೂ ತುದಿ ಎತ್ತಿ ನಿಂತಿತು. ತೊಂಬತ್ತೊಂದು ಕೇಜಿಯ ದೋಣಿ ಎಬ್ಬಿಸಿದ ಎಮ್ಮೆಯ ಹಾಗೆ ಮೆಲ್ಲಗೆ ಎದ್ದು, ಒಮ್ಮೆ ಎದ್ದ ಮೇಲೆ ಯಾರ ಮಾತೂ ಕೇಳದೆ ಹೊರಟಿತು. ಉಳಿದ ಎರಡು ಬುರುಡೆಗಳನ್ನೂ ಮುಟ್ಟದೆ, ಒಂದು ಗೇಣು ದೂರದಿಂದ ಸುತ್ತಿ, ಅವರು ದಂಡೆಯ ಕಡೆ ತಿರುಗಿದರು. ಊಟಕ್ಕೆ ಕೂತಿದ್ದ ಮಂದಿ ಎಂಜಲು ಕೈಯಲ್ಲೇ ಎದ್ದು ನೀರಿನ ಅಂಚಿಗೆ ಬಂದರು.

ವಾಣಿಶ್ರೀ ಟೋಪಿ ಹಾಕಿಕೊಂಡು, ಬೆಳಿಗ್ಗೆ ನಿಂತ ಜಾಗದಲ್ಲೇ ನಿಂತಿದ್ದಳು. ದೋಣಿಯ ಮೂತಿ ಗೆರೆ ದಾಟಿದಾಗ ಗಡಿಯಾರ ಒತ್ತಿದಳು. ಎರಡು ಗಂಟೆ ಹನ್ನೆರಡು ನಿಮಿಷ.

“ಎರಡಕ್ಕೆ ಸಮಯ ಮುಗಿದಿದೆ,” ಎಂದಳು. “ಇವತ್ತು ಪಂದ್ಯ ಯಾರೂ ಮುಗಿಸಿಲ್ಲ.”

ದಂಡೆಯ ಮೇಲೆ ಗದ್ದಲವೆದ್ದಿತು. ಹನ್ನೆರಡು ನಿಮಿಷ ಏನು ಮಹಾ ಎಂದು ಕೆಲವರು, ನಮ್ಮೂರಿನ ಬಸ್ಸು ದಿನಾ ಅದಕ್ಕಿಂತ ತಡ ಬರುತ್ತದೆ, ಅದನ್ನೇನು ಬಂದಿಲ್ಲ ಅನ್ನುತ್ತೇವೆಯೇ ಎಂದು ಕೆಲವರು. ಈಗ ನಿರಾಳವಾಗಿದ್ದ ಗವಿಸಿದ್ದಪ್ಪನವರು ಮುಂದೆ ಬಂದು, ತಮ್ಮ ಮಾತಿಗೆ ಬೆಲೆ ಕೊಟ್ಟು ಈ ಒಂದು ಸಲ ಬಿಟ್ಟುಬಿಡಬೇಕೆಂದು ಅಧಿಕಾರಿಣಿಗೆ ಕೈಮುಗಿದರು. ಅವಳೂ ಅಷ್ಟೇ ನಮ್ರವಾಗಿ ಕೈಮುಗಿದು ಇಲ್ಲ ಎಂದಳು. ದಸ್ತಗೀರಸಾಬ ದೋಣಿಯಿಂದ ಇಳಿಯಲು ಹೋಗಿ, ಮರಗಟ್ಟಿದ ಕಾಲು ಮಡಚಿ ನೀರಿನಲ್ಲೇ ಕೂತುಬಿಟ್ಟ. ಎದೆಮಟ್ಟದ ನೀರು. ಅಲ್ಲಿಂದಲೇ ಅವನು, ಬಾಯಿಯವರು ಹೇಳಿದ್ದು ಬರೋಬ್ಬರಿ ಐತಿ ಎಂದು ಮಂದಿಯನ್ನು ಸುಮ್ಮನಾಗಿಸಿದ. ನಿನ್ನೆ ಅದೇ ನಿಯಮ ತನಗೆ ಚುಚ್ಚಿತ್ತು. ಇವತ್ತು ಅದು ಮಾಜಿ ಸದಸ್ಯರಿಗೂ ಬಾಗಲಿಲ್ಲವೆಂದು ಕಂಡ ಮೇಲೆ ಅವನ ಎದೆಯೊಳಗಿನ ಮುಳ್ಳು ಎಲ್ಲೋ ಸಡಿಲವಾಗಿತ್ತು.

ನಂದೀಶ ಕೈ ಕೊಟ್ಟು ಅವನನ್ನು ಎಬ್ಬಿಸಿದ. ಎದ್ದ ದಸ್ತಗೀರಸಾಬ ಕೈ ಬಿಡದೆ, ಎರಡು ಪದರ ತಾನೇ ಹೆಚ್ಚಿಗೆ ಹಾಕಿದ್ದು, ಆರನ್ನೂ ಮತ್ತೆ ಮಾಡಿಕೊಡುತ್ತೇನೆ ಎಂದ.

“ಗೊತ್ತೈತ್ರಿ,” ಎಂದ ನಂದೀಶ. “ಹವಾ ಕುಡದು ಮೂವತ್ತು ಕೇಜಿ ಆಗೂದಾಗಿದ್ರ ನಮ್ಮ ದೇಶದಾಗ ಯಾರೂ ಉಪವಾಸ ಇರ್ತಿದ್ದಿಲ್ಲ. ನೀವು ಯಾವಾಗ ಹೇಳ್ತೀರಿ ಅಂತ ಕಾಯಾಕತ್ತಿದ್ದೆ.” ಮುಚ್ಚಳದಿಂದ ನೀರು ತಳ್ಳಿದ ತನಗೆ ಇವತ್ತು ಯಾರಿಗೂ ಏನೂ ಹೇಳುವ ಮುಖವಿಲ್ಲ ಎಂದೂ ಸೇರಿಸಿದ.

ಅವನಿಗೆ ಮೂರು ಪದರದ ಹೊಸ ಆರು ದೋಣಿಗಳು ಬೇಕೇ ಬೇಕಾಗಿದ್ದವು. ದಸ್ತಗೀರಸಾಬ ಒಪ್ಪಿದ. ಆದರೆ ಈ ಆರನ್ನು ಒಡೆಯುವುದು ಬೇಡವೆಂದು ಹೇಳಿದವಳು ವಾಣಿಶ್ರೀ. ಊಟ ಮಾಡುತ್ತ, ನಿನ್ನೆಯ ಅಳತೆಯ ಪಟ್ಟಿಯನ್ನೇ ತಿರುಗಿಸಿ ಹಿಂಬದಿಯಲ್ಲಿ ಬರೆದಳು: ದೋಣಿಯ ಉದ್ದ ಹನ್ನೊಂದು ಫೂಟು, ತೂಕ ತೊಂಬತ್ತೊಂದು ಕೇಜಿ, ಪದರ ಐದು, ಹಾಯಿ ಯಾವುದೇ ಹಳೆಯ ಫ್ಲೆಕ್ಸು. ಆರು ದೋಣಿ ಒಂದೇ ಥರ ಇದ್ದರೆ ಅದೇ ಒಂದು ಜಾತಿ, ಹೆಸರು ನೀವೇ ಇಟ್ಟುಕೊಳ್ಳಿ, ಕಾಲಾವಕಾಶ ಮಾತ್ರ ನಿಮ್ಮ ಗಾಳಿಗೆ ತಕ್ಕಂತೆ ಹಾಕಿಕೊಳ್ಳಿ ಎಂದಳು. ಹೆಸರಿನ ಬಗ್ಗೆ ಮಂದಿ ಅಲ್ಲೇ ಎರಡು ಪಂಗಡವಾದರು. ಗವಿಸಿದ್ದಪ್ಪನವರು ಒಂದು ಹೆಸರು ಸೂಚಿಸಿದರು. ಅದು ಅವರದೇ ಹೆಸರಾಗಿತ್ತು. ಜಗಳ ಇನ್ನೂ ಮುಗಿದಿಲ್ಲ.

ಸಂಜೆ ಐದರ ಹೊತ್ತಿಗೆ ಪೆಂಡಾಲು ಬಿಚ್ಚಿದರು, ಟಂಟಂಗಳು ಹೋದವು. ನೀರಿನಲ್ಲಿ ಉಳಿದ ಮೂರು ಬುರುಡೆಗಳನ್ನು ತರಬೇಕಾಗಿತ್ತು. ಅದು ದ್ಯಾಮಪ್ಪನ ಕೆಲಸ. ಅವನು ಹರಗೋಲಿನ ಹತ್ತಿರ ಹೋಗಿ, ಹುಟ್ಟು ಎತ್ತಿ, ಮತ್ತೆ ಇಟ್ಟು, ಮೀಸೆಯ ದೋಣಿಯ ಕಡೆ ಬಂದ. ದಸ್ತಗೀರಸಾಬ ಕರೆಯುವ ಮೊದಲೇ ಅದರಲ್ಲಿ ಕೂತಿದ್ದ. ಕತ್ತಲಾಗುವುದರೊಳಗೆ ಮನೆಗೆ ಹೋಗಬೇಕು, ಟೆಂಪೋದವನು ಕಾಯುವುದಿಲ್ಲ ಎಂದು ರಮಜಾನಬಿ ದಂಡೆಯಿಂದ ಕೂಗಿದಳು.

ಗಾಳಿ ಈಗ ಹದವಾಗಿತ್ತು. ಮೊದಲ ಬುರುಡೆಯನ್ನು ಎತ್ತಿ ದೋಣಿಗೆ ಹಾಕಿದರು. ಎರಡನೆಯದನ್ನೂ ಹಾಕಿದರು. ಮೂರನೆಯದರ ಹತ್ತಿರ ಬಂದಾಗ ದ್ಯಾಮಪ್ಪ ಚುಕ್ಕಾಣಿಯನ್ನು ತುಸು ಆಚೆ ತಿರುಗಿಸಿದ. ದಸ್ತಗೀರಸಾಬ ಹಗ್ಗ ಎಳೆದ. ಬುರುಡೆ ಪಕ್ಕದಲ್ಲಿ ತೇಲುತ್ತ ಹಿಂದೆ ಉಳಿಯಿತು, ಅವರು ದ್ಯಾಮಪ್ಪ ನಲವತ್ತು ವರ್ಷ ಹುಟ್ಟು ಹಾಕಿ ಮುಟ್ಟಿದ್ದ ಆಚೆ ದಂಡೆಯ ಕಡೆ ಹಾಯಿಯಲ್ಲೇ ಹೊರಟರು.